ನಾನು ತಿರುಗಿಸಿಬಿಟ್ಟ ಬಂಡಿಗಳು

ದೆವ್ವ, ಗಾಳಿ, ಶಕುನ ಎಂದು ಯಾರಾದರೂ ಬಾಯಿ ತೆರೆದರೆ ಮೊದಲು ನಗುತ್ತಿದ್ದವನು ನಾನೇ. ಮೋಟಾರು ಹೊಡೆದು ಹೊಟ್ಟೆ ಹೊರೆದವನು ನಾನು. ಮೋಟಾರು ನಿಂತಿತೆಂದರೆ ಅದಕ್ಕೊಂದು ಕಾರಣ ಇದ್ದೇ ಇರುತ್ತದೆ. ಎಣ್ಣೆ ತೀರಿರುತ್ತದೆ, ಇಲ್ಲವೇ ಕೊಳವೆಯಲ್ಲಿ ಕಸ ಸಿಕ್ಕಿರುತ್ತದೆ, ಇಲ್ಲವೇ ಎಲ್ಲೋ ತಂತಿ ಕಡಿದಿರುತ್ತದೆ. ಹುಡುಕಿದರೆ ಸಿಗುತ್ತದೆ. ಲೋಕದ ವ್ಯವಹಾರವೂ ಹೀಗೆಯೇ ಎಂದು ನಂಬಿದ್ದೆ, ಈಗಲೂ ಹೆಚ್ಚುಕಡಿಮೆ ಹಾಗೆಯೇ ನಂಬಿದ್ದೇನೆ. ಒಂದು ದಿನದ ಸಂಗತಿ ಮಾತ್ರ ಈ ನಂಬಿಕೆಗೆ ಬಗ್ಗಿಲ್ಲ. ಅದನ್ನು ನಡೆದದ್ದು ನಡೆದ ಹಾಗೆ ಬರೆಯುತ್ತೇನೆ. ಓದಿದವರು ನಂಬಲೇಬೇಕೆಂಬ ಹಟ ನನಗಿಲ್ಲ. ಬೇರೆ ಯಾರಾದರೂ ಹೇಳಿದ್ದರೆ ನಾನೂ ನಂಬುತ್ತಿರಲಿಲ್ಲ.

ಆಗ ನಿಜಾಮರ ಆಳಿಕೆ. ಕಲಬುರಗಿಯಲ್ಲಿ ಇದ್ದ ಮೋಟಾರುಗಳನ್ನು ಎಣಿಸಲು ಕೈಬೆರಳು ಸಾಕಾಗುತ್ತಿದ್ದವು. ಅಲ್ಲಿನ ಬ್ರಹ್ಮಪುರ ಓಣಿಯ ಅರಳೆ ವ್ಯಾಪಾರಿಯೊಬ್ಬರು ಒಂದು ಮೋಟಾರು ತರಿಸಿ ಬಾಡಿಗೆಗೆ ಬಿಟ್ಟಿದ್ದರು. ಅದರ ಡ್ರೈವರು ನಾನು. ಹೆಚ್ಚಿನ ಬಾಡಿಗೆಗಳು ಕಮಲಾಪುರದ ಕಡೆಗೇ ಇರುತ್ತಿದ್ದವು. ಇಪ್ಪತ್ತು ಇಪ್ಪತ್ತೆರಡು ಮೈಲಿಯ ಗರಸು ಮುರುಮಿನ ಸಡಕು, ಎರಡೂ ಕಡೆ ಕರಿ ನೆಲ. ದಾರಿ ಬರಿದಾಗಿದ್ದರೆ ಒಂದೂವರೆ ತಾಸಿನ ಕೆಲಸ. ಆದರೆ ಆ ದಾರಿ ಬರಿದಾಗಿದ್ದುದನ್ನು ನಾನು ಕಂಡದ್ದು ಕಡಿಮೆ.

ಸಡಕಿನ ಮೇಲಿನ ಜನರ ಬಗ್ಗೆ ನನಗಿದ್ದ ಸಿಟ್ಟನ್ನು ಮುಚ್ಚಿಟ್ಟರೆ ಈ ಕಥೆ ಅರ್ಥವಾಗುವುದಿಲ್ಲ. ಟಾಂಗಾದವನು ಗಿರಾಕಿಯ ಜೊತೆ ಹಿಂದೆ ತಿರುಗಿ ಮಾತಾಡುತ್ತಲೇ ಕುದುರೆ ಬಿಡುತ್ತಿದ್ದ. ಕುರಿ ಕಾಯುವವನು ನೂರು ಕುರಿಗಳನ್ನು ಸಡಕಿಗೆ ಅಡ್ಡ ಬಿಟ್ಟು ಗಿಡದ ಕೆಳಗೆ ಎಲೆಯಡಿಕೆ ಹಾಕಿಕೊಳ್ಳುತ್ತಿದ್ದ. ದೊಡ್ಡ ಹುದ್ದೆಯವರ ಮೋಟಾರು ಎದುರಿಗೆ ಬಂದರೆ ಇನ್ನೂ ಕಷ್ಟ. ಅವರು ನಡುದಾರಿ ಬಿಡುತ್ತಿರಲಿಲ್ಲ, ನಾನೇ ಗಾಲಿಗಳನ್ನು ಹೊಲಕ್ಕಿಳಿಸಿ, ಅವರ ಧೂಳು ಕುಡಿದು, ಸಲಾಮು ಬೇರೆ ಹೊಡೆಯಬೇಕಿತ್ತು. ಇವರೆಲ್ಲರ ತಲೆಯ ಮೇಲೆ ಹೊಡೆದಂಥವರು ಬಂಡಿಯವರು. ಎತ್ತಿಗೆ ದಾರಿ ಗೊತ್ತು ಎಂಬ ಒಂದೇ ಧೈರ್ಯದ ಮೇಲೆ ಕಂಬಳಿ ಹೊದ್ದು ಮಲಗಿಬಿಡುತ್ತಿದ್ದರು. ಐದಾರು ಬಂಡಿಗಳು ಕೂಡಿ ಹೊರಡುವುದು, ಎಲ್ಲಕ್ಕಿಂತ ಹಳೆಯ ಜೋಡಿಯನ್ನು ಮುಂದೆ ಕಟ್ಟುವುದು, ಆಮೇಲೆ ಎಲ್ಲರೂ ನಿದ್ದೆ. ಮುಂದಿನ ಬಂಡಿ ಹೋದಲ್ಲಿಗೆ ಹಿಂದಿನವು ಹೋಗುತ್ತವೆ. ಹಿಂದಿನಿಂದ ರಬ್ಬರಿನ ಹಾರ್ನು ಒತ್ತಿ ಒತ್ತಿ ನನ್ನ ಕೈ ಸೋಲುತ್ತಿತ್ತು. ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗೆ.

ನಮ್ಮ ಮೋಟಾರಿನವರು ಇದಕ್ಕೊಂದು ಮದ್ದು ಕಂಡುಕೊಂಡಿದ್ದರು. ಸದ್ದು ಮಾಡದೆ ಇಳಿದು ಹೋಗುವುದು, ಮುಂದಿನ ಜೋಡಿಯ ಮೂಗುದಾರದ ಹಗ್ಗ ಹಿಡಿದು, ಮೆಲ್ಲಗೆ ಸುತ್ತು ಹಾಕಿಸಿ, ಬಂದ ದಾರಿಗೆ ಮುಖ ಮಾಡಿ ಬಿಡುವುದು. ಹಿಂದಿನ ಬಂಡಿಗಳೂ ಅದೇ ಜಾಡಿನಲ್ಲಿ ತಿರುಗುತ್ತಿದ್ದವು. ಮಲಗಿದವರು ಕಣ್ಣು ಬಿಡುವ ಹೊತ್ತಿಗೆ ತಮ್ಮ ಊರ ಅಗಸೆಬಾಗಿಲ ಮುಂದೆಯೇ ಇರುತ್ತಿದ್ದರು. ಇದನ್ನು ಮಾಡಿ ಬಂದವರು ಚಹಾದ ಅಂಗಡಿಯಲ್ಲಿ ಹೇಳಿಕೊಂಡರೆ ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದೆವು. ನಾನು ಕೇಳಿ ನಕ್ಕಿದ್ದೆನೇ ಹೊರತು ಅದುವರೆಗೆ ಮಾಡಿರಲಿಲ್ಲ.

ಅದು ಮಾಘ ಮಾಸ. ಕಲಬುರಗಿಯ ವಕೀಲರೊಬ್ಬರು ಕಮಲಾಪುರದ ನೆಂಟರಲ್ಲಿಗೆ ಬಂದಿದ್ದರು. ಮರುದಿನ ಹತ್ತು ಗಂಟೆಗೆ ಅವರು ಅದಾಲತ್ತಿನಲ್ಲಿ ಇರಬೇಕಿತ್ತು. ನಸುಕಿನಲ್ಲೇ ಹೊರಟೆವು. ವಕೀಲರು ಹಿಂದಿನ ಸೀಟಿನಲ್ಲಿ ಒಬ್ಬರೇ, ಪಕ್ಕದಲ್ಲಿ ಕಾಗದದ ಕಟ್ಟುಗಳು. ನನ್ನ ಪಕ್ಕದ ಸೀಟು ಖಾಲಿ. ಈ ಮಾತನ್ನು ಬೇಕೆಂದೇ ಬರೆಯುತ್ತಿದ್ದೇನೆ.

ಮಹಾಗಾಂವದ ಹತ್ತಿರ ಬರುವ ಹೊತ್ತಿಗೆ ಮೂಡಲು ಕೆಂಪಾಗಿತ್ತು. ಮುಂದೆ ಐದು ಬಂಡಿಗಳು, ನಡುದಾರಿಯಲ್ಲಿ ಸಾಲಾಗಿ ಹೋಗುತ್ತಿದ್ದವು. ಕಮಲಾಪುರದ ಕೆಂಪು ಬಾಳೆಯ ಗೊನೆಗಳು. ಅಲ್ಲಿ ಸಡಕಿನ ಎರಡೂ ಕಡೆ ಆಳವಾದ ತಗ್ಗು, ಬಾಜೂ ಇಳಿಸಿ ಮುಂದೆ ಹೋಗುವಂತಿರಲಿಲ್ಲ. ಹಾರ್ನು ಒತ್ತಿದೆ. ಒಬ್ಬನೂ ಏಳಲಿಲ್ಲ. ಕಾಲು ಮೈಲಿ ಅವುಗಳ ಹಿಂದೆ ತೆವಳಿದೆ. ಇಂಜಿನು ಕಾದು ಕುದಿಯತೊಡಗಿತು.

“ಏನಪಾ, ಹಿಂಗೇ ಬಂಡಿ ಹಿಂದ ಬಂಡಿ ಆಗಿ ಹೋಗಾವ್ರೇನ್ ನಾವು?” ಎಂದರು ವಕೀಲರು.

ಆ ಮಾತು ನನ್ನನ್ನು ಚುಚ್ಚಿತು. ಮೋಟಾರು ನಿಲ್ಲಿಸಿ ಇಳಿದೆ. ತಗ್ಗಿನ ಅಂಚಿನಲ್ಲೇ ನಡೆದು ಮುಂದಿನ ಬಂಡಿಯನ್ನು ಮುಟ್ಟಿದೆ. ಬಂಡಿಯವನು ಬಾಯಿ ತೆರೆದು ಗೊರಕೆ ಹೊಡೆಯುತ್ತಿದ್ದ. ಅವನ ಬಿಳಿ ಎತ್ತುಗಳಲ್ಲಿ ಒಂದಕ್ಕೆ ಕೊಂಬು ಮುರಿದಿತ್ತು. ಆ ಎತ್ತಿನ ಹಗ್ಗ ಹಿಡಿದು, ಸ್ವಲ್ಪ ಮುಂದೆ ಸಡಕು ಅಗಲವಾದಲ್ಲಿ ನಿಧಾನ ತಿರುಗಿಸಿದೆ. ಬಡಪಾಯಿ ಎತ್ತುಗಳು, ಯಾಕೆ ಎಂದು ಕೇಳಲಿಲ್ಲ. ಎರಡನೆಯದು, ಮೂರನೆಯದು, ಒಂದರ ಹಿಂದೊಂದು ಹೊರಳಿದವು. ನನ್ನ ಮೋಟಾರಿನ ಪಕ್ಕದಲ್ಲೇ ಹಾಯ್ದು ಐದೂ ಬಂಡಿಗಳು ಕಮಲಾಪುರದ ಕಡೆಗೆ ಹೋದವು. ಏರು ಹತ್ತಿ ಕಣ್ಮರೆಯಾಗುವವರೆಗೆ ನಿಂತು ನೋಡಿದೆ. ಹೊತ್ತು ಮೂಡಿ ಬೆಳಕು ಚೆನ್ನಾಗಿಯೇ ಇತ್ತು. ನಿದ್ದೆಗಣ್ಣಿನಲ್ಲಿ ಕಂಡದ್ದಲ್ಲ ಎಂದು ಹೇಳಲು ಇಷ್ಟು ವಿವರ ಕೊಟ್ಟೆ.

ಅಲ್ಲಿಂದ ದಾರಿ ಸಲೀಸಾಯಿತು. ನನಗೆ ಬಹಳ ಖುಷಿಯಾಗಿತ್ತು, ಸುಳ್ಳೇಕೆ ಹೇಳಲಿ. ಆ ಬಂಡಿಯವರು ಅಗಸೆಯ ಮುಂದೆ ಎದ್ದು ಕಣ್ಣು ತಿಕ್ಕಿಕೊಳ್ಳುವುದನ್ನು ನೆನೆದು ಒಬ್ಬನೇ ನಗುತ್ತಿದ್ದೆ. ಕಲಬುರಗಿ ಹತ್ತಿರದ ಕಪನೂರ ಬಂತು. ವಕೀಲರು ಆಗ, ಏನೋ ಮರೆತದ್ದನ್ನು ನೆನಪಿಸಿಕೊಂಡವರ ಹಾಗೆ ಹೇಳಿದರು.

“ಆ ಮೂರನೇ ಬಂಡ್ಯಾಗ ಒಬ್ಬಾಕಿ ಹೆಣ್ಣಮಗಳು ಮಲಗಿದ್ದಳಲ್ಲೋ. ದಿನ ತುಂಬಿದಾಕಿ ಕಂಡಳು. ಮುದುಕಿ ಒಬ್ಬಾಕಿ ಸೆರಗಿಲೆ ಗಾಳಿ ಹಾಕಾಕತ್ತಿದ್ದಳು.”

ಬ್ರೇಕು ಒತ್ತಿದೆ. ಮೂರನೆಯ ಬಂಡಿಗೆ ಚಾಪೆಯ ಕಮಾನು ಕಟ್ಟಿದ್ದು ನನಗೂ ನೆನಪಿತ್ತು. ಎತ್ತುಗಳ ಮುಂದಿದ್ದ ನನಗೆ ಒಳಗೇನಿದೆ ಎಂದು ಕಂಡಿರಲಿಲ್ಲ. ಆಗಲೇ ಯಾಕೆ ಹೇಳಲಿಲ್ಲ ಎಂದು ಕೇಳಿದೆ. ವಕೀಲರು ಗಡಿಯಾರ ತೆಗೆದು ನೋಡಿದರು. ಅದೇ ಅವರ ಉತ್ತರ. ದಿನ ತುಂಬಿದ ಹೆಂಗಸನ್ನು ನಸುಕಿನಲ್ಲಿ ಬಾಳೆಗೊನೆಯ ಬಂಡಿಗಳ ಸಂಗಡ ಪೇಟೆಗೆ ಯಾರೂ ಸುಮ್ಮನೆ ಕಳಿಸುವುದಿಲ್ಲ. ಊರ ಸೂಲಗಿತ್ತಿ ಕೈಬಿಟ್ಟಿರಬೇಕು, ದವಾಖಾನೆಗೆ ಹೊರಟಿರಬೇಕು. ಆಕೆಯನ್ನು ನಾನು ಹಿಂದಕ್ಕೆ ತಿರುಗಿಸಿದ್ದೆ.

ಅಲ್ಲಿಯೇ ಮೋಟಾರು ತಿರುಗಿಸಬೇಕಿತ್ತು. ತಿರುಗಿಸಲಿಲ್ಲ. ವಕೀಲರನ್ನು ಪೇಟೆಯಲ್ಲಿ ಇಳಿಸಿ, ಮಾಲೀಕರನ್ನು ಕೇಳದೆ, ಹಾಗೇ ಹಿಂದಕ್ಕೆ ಹೊಡೆದೆ. ಆ ಬಂಡಿ ಸಿಕ್ಕರೆ ಆಕೆಯನ್ನು ಮೋಟಾರಿನಲ್ಲಿ ಹಾಕಿಕೊಂಡು ತಾಸಿನೊಳಗೆ ದವಾಖಾನೆ ಮುಟ್ಟಿಸಬಹುದೆಂದು ಆಸೆ. ಬೆಳಿಗ್ಗೆಯೇ ಅದನ್ನು ಮಾಡಬಹುದಿತ್ತು ಎಂಬುದು ಆ ದಾರಿಯಲ್ಲಿ ನನಗೆ ಹೊಳೆಯಿತು. ಸೀಟು ಖಾಲಿ ಇಟ್ಟುಕೊಂಡು ಎತ್ತಿನ ಮೇಲೆ ಸಿಟ್ಟು ತೀರಿಸಿದ್ದೆ.

ಮಹಾಗಾಂವದವರೆಗೆ ಆ ಬಂಡಿಗಳು ಎದುರಾಗಲಿಲ್ಲ. ಎದುರಾಗುವಂತೆಯೂ ಇರಲಿಲ್ಲ, ಅವು ಆ ಕಡೆಗೆ ಹೋಗುತ್ತಿದ್ದವಲ್ಲ. ತಿರುಗಿಸಿದ ಜಾಗದಲ್ಲಿ ಇಳಿದು ನೋಡಿದೆ. ಧೂಳಿನಲ್ಲಿ ಗಾಲಿಗಳು ಸುತ್ತುಹೊಡೆದ ಗುರುತು ಸ್ಪಷ್ಟವಾಗಿತ್ತು. ಕಮಲಾಪುರದ ಕಡೆಗೆ ಸ್ವಲ್ಪ ದೂರ ಜಾಡು ಹಿಡಿದು ನಡೆದೆ. ಮುಂದೆ ಒಂದು ಕುರಿಹಿಂಡು ಸಡಕು ದಾಟಿ ಎಲ್ಲವನ್ನೂ ಅಳಿಸಿಬಿಟ್ಟಿತ್ತು. ಮತ್ತೆ ಮೋಟಾರು ಹತ್ತಿ ಕಮಲಾಪುರದವರೆಗೂ ಹೋದೆ. ದಾರಿಯಲ್ಲಿ ಬೇರೆ ಬಂಡಿಗಳು ಸಿಕ್ಕವು, ಆ ಐದು ಸಿಗಲಿಲ್ಲ. ಊರಿನ ಬಾಳೆತೋಟದಲ್ಲಿ ವಿಚಾರಿಸಿದೆ. ಬಂಡಿಗಳು ಕೋಳಿ ಕೂಗುವ ಮೊದಲೇ ಹೋದವಲ್ಲ, ಶರಣಪ್ಪನ ಮಗಳು ನೀಲವ್ವನಿಗೆ ಎರಡು ದಿನದಿಂದ ಬೇನೆ, ಅವರೂ ಜೊತೆಗೆ ಹೋದರು, ತಿರುಗಿ ಯಾಕೆ ಬಂದಾವು ಎಂದು ಅಲ್ಲಿಯವರು ನನ್ನನ್ನೇ ಕೇಳಿದರು.

ಅಡ್ಡದಾರಿ ಹಿಡಿದು ಯಾವುದೋ ಹೊಲದಲ್ಲಿ ನಿಂತಿರಬಹುದೆಂದು ಎರಡು ಕಡೆ ಇಳಿದು ಹುಡುಕಿದೆ. ಕೂಗಿದೆ. ಕಡಲೆ ಹೊಲದ ಹೆಂಗಸರು ನನ್ನನ್ನು ಹುಚ್ಚನೆಂದುಕೊಂಡು ನೋಡಿದರು. ಕೊನೆಗೆ ಕಲಬುರಗಿಗೆ ಮರಳುವಾಗ ಹೊತ್ತು ನೆತ್ತಿಗೆ ಬಂದಿತ್ತು. ಆ ಸಡಕನ್ನು ಹೀಗೆ ಅವತ್ತು ಮೂರು ಸಲ ತುಳಿದೆ. ಮಾಡಿದ್ದುಣ್ಣೋ ಮಹರಾಯ ಎನ್ನುತ್ತಾರಲ್ಲ, ಮಾಡಿದವನು ನಾನು, ಉಣ್ಣುವವಳು ಮಾತ್ರ ಬೇರೆ ಎಂಬುದೇ ನನ್ನ ಸಂಕಟ.

ಪೇಟೆಯೊಳಗೆ ಬಂದು, ಬಾಳೆಹಣ್ಣು ಇಳಿಸುವ ಬಜಾರಿನ ಮುಂದೆ ಹಾಯುವಾಗ ಮುರಿದ ಕೊಂಬಿನ ಬಿಳಿ ಎತ್ತು ಕಂಡಿತು. ನೊಗ ಕಳಚಿದ್ದರು. ಅದು ನೀರು ಕುಡಿದು, ಮೇವು ತಿಂದು, ಮಲಗಿ ಮೆಲುಕು ಹಾಕುತ್ತಿತ್ತು. ಬೆಳಿಗ್ಗೆ ಗೊರಕೆ ಹೊಡೆಯುತ್ತಿದ್ದ ಬಂಡಿಯವನು ಗೊನೆ ಮಾರಿ ಮುಗಿಸಿ ಖಾಲಿ ಬಂಡಿಯ ಮೇಲೆ ಕೂತಿದ್ದ. ಯಾವಾಗ ಬಂದೆ ಎಂದು ಕೇಳಿದೆ. ಬಿಸಿಲು ಏರುವ ಮೊದಲೇ ಬಂದೆನೆಂದ. ದಾರಿಯಲ್ಲಿ ಏನಾಯಿತು ಎಂದೆ.

“ಏನಾಗ್ತದ್ರಿ? ನಿದ್ದಿ ಹತ್ತಿತ್ತು. ಎದ್ದಾಗ ಬಜಾರ ಬಂದಿತ್ತು. ಎತ್ತಿಗಿ ದಾರಿ ಗೊತ್ತದಲ್ರಿ.”

ಮಹಾಗಾಂವದಿಂದ ಕಲಬುರಗಿಗೆ ಬಂಡಿ ಬರಲು ಏನಿಲ್ಲವೆಂದರೂ ಐದಾರು ತಾಸು ಬೇಕು. ನಾನು ತಿರುಗಿಸದೇ ಬಿಟ್ಟಿದ್ದರೂ ಮಧ್ಯಾಹ್ನಕ್ಕೆ ಮೊದಲು ಅವು ಊರು ಮುಟ್ಟುವಂತಿರಲಿಲ್ಲ. ಸಡಕೋ ಒಂದೇ. ಅದರ ಮೇಲೆ ಬೆಳಗಿನಿಂದ ಓಡಾಡಿದವನು ನಾನು. ಇದನ್ನೆಲ್ಲ ಅವನಿಗೆ ಹೇಳಿ ಪ್ರಯೋಜನವಿರಲಿಲ್ಲ. ನೀಲವ್ವನ ಸುದ್ದಿ ಕೇಳಿದೆ. ದವಾಖಾನೆಯಲ್ಲಿದ್ದಾಳೆ, ಹೆರಿಗೆ ಆಗಿದೆ ಎಂದ.

ದವಾಖಾನೆಯ ಅಂಗಳದ ಬೇವಿನ ಗಿಡದ ಕೆಳಗೆ ಚಾಪೆಯ ಕಮಾನಿನ ಬಂಡಿ ನಿಂತಿತ್ತು. ಹತ್ತಿರ ಒಬ್ಬ ಮುದುಕ ಕೂತಿದ್ದ. ಅವನೇ ಶರಣಪ್ಪ ಎಂದು ಆಮೇಲೆ ತಿಳಿಯಿತು. ನಾನು ಮಾತಾಡಿಸುವ ಮೊದಲೇ ಅವನ ಪಕ್ಕದಲ್ಲಿದ್ದ ಅವನ ಹೆಂಡತಿ ಗಂಗವ್ವ ನನ್ನನ್ನು ನೋಡಿ ಎದ್ದಳು. ಬಂದವಳೇ ನನ್ನ ಎರಡೂ ಕೈ ಹಿಡಿದುಕೊಂಡಳು.

“ಯಪ್ಪಾ, ಎಲ್ಲಿ ಹೋಗಿದ್ದಿ? ನೀರು ಕುಡೀಲಾರದ ಹೋಗಿಬಿಟ್ಟಿ. ಗಂಡಮಗ ಹುಟ್ಟ್ಯಾನ. ಇಬ್ಬರೂ ಉಳದಾರ. ಇನ್ನೊಂದು ತಾಸು ತಡಾ ಆಗಿದ್ದರ ಎರಡೂ ಜೀವ ಹೋಗ್ತಿದ್ದೂ ಅಂತ ಡಾಕ್ಟರಮ್ಮ ಅಂದಾರ.”

ಬೇರೆ ಯಾರೋ ಎಂದುಕೊಂಡಿದ್ದಾಳೆ ಎಂದೆಣಿಸಿ, ನಾನು ಈಗಷ್ಟೇ ಬಂದೆನವ್ವಾ ಎಂದೆ. ಅವಳು ನಕ್ಕಳು. ಮೋಟಾರು ಬಿಟ್ಟು ಇಳಿದು ಬಂದು ಎತ್ತಿನ ಹಗ್ಗ ಹಿಡಿದವನನ್ನು ತಾನು ಕಂಡಿಲ್ಲವೇ ಎಂದಳು. ತನ್ನ ಗಂಡ ಎರಡು ರಾತ್ರಿ ಕಣ್ಣು ಮುಚ್ಚಿರಲಿಲ್ಲವಂತೆ, ಅದಕ್ಕೇ ಮಲಗಿದ್ದನಂತೆ. ಎಚ್ಚರವಿದ್ದವಳು ತಾನೊಬ್ಬಳೇ ಅಂತೆ. ಖಾಕಿ ಕೋಟು ಹಾಕಿದ ನಾನು ಮುಂದಿನ ಜೋಡಿಯನ್ನು ಹಿಡಿದು ಕಲಬುರಗಿಯವರೆಗೆ ನಡೆದೆನಂತೆ. ಓಡಿದೆ ಎಂದರೂ ಸರಿ ಎಂದಳು, ಎತ್ತುಗಳು ಹಾಗೆ ಹೆಜ್ಜೆ ಹಾಕಿದ್ದನ್ನು ಅವಳು ಹುಟ್ಟಿದಾಗಿನಿಂದ ಕಂಡಿರಲಿಲ್ಲ. ಕಪನೂರದ ಬಾವಿಯ ಹತ್ತಿರ ನಿಲ್ಲಿಸಿ ಮಗಳ ಬಾಯಿಗೆ ನೀರು ಬಿಟ್ಟೆನಂತೆ. ಬಂಡಿಗಳು ಹಿಂದಕ್ಕೆ ತಿರುಗಿದ ಸಂಗತಿ ಅವಳ ಮಾತಿನಲ್ಲಿ ಬರಲೇ ಇಲ್ಲ. ಮೋಟಾರು ಎಲ್ಲಿತ್ತು ಎಂದು ಕೇಳಿದೆ. ಅಲ್ಲೇ ನಿಂತಿತ್ತಲ್ಲ ಎಂದಳು.

“ಎದುರಿಗಿ ಬಂದ ಬಂಡಿ ಒಂದನ್ನೂ ಬಿಡಲಿಲ್ಲ ನೀ, ಬೈದು ಬೈದು ದಾರಿ ಬಿಡಿಸಿದಿ. ‘ಮಾವನ ಮನಿಗಿ ಬಂದೀಯೇನಲೇ, ಸಡಕಿನ ಮ್ಯಾಲ ಮಲಗಾಕ?’ ಅಂತಿದ್ದಿ. ಮಗಳು ಆ ಬ್ಯಾನ್ಯಾಗೂ ನಕ್ಕಳಪಾ.”

ಅದು ನನ್ನ ಬೈಗುಳ. ಬೇರೆ ಡ್ರೈವರುಗಳು ಬೇರೆ ಬೈಯುತ್ತಿದ್ದರು. ಬಾಡಿಗೆಗೆ ಕೂತವರಿಗೆಲ್ಲ ಅದು ಗೊತ್ತಿತ್ತು, ನಮ್ಮ ಮಾಲೀಕರು ಅದನ್ನು ಹೇಳಿ ನನ್ನನ್ನು ಅಣಕಿಸುತ್ತಿದ್ದರು. ಆದರೆ ಅವತ್ತು ಆ ಬಂಡಿಗಳ ಹತ್ತಿರ ನಾನು ತುಟಿ ಬಿಚ್ಚಿರಲಿಲ್ಲ. ಯಾರೂ ಏಳಬಾರದಲ್ಲ! ಗಂಗವ್ವನನ್ನು ನಾನು ಹಿಂದೆಂದೂ ಕಂಡವನಲ್ಲ.

ಮನೆಗೆ ಹೋಗಿ ಕಾಲು ನೋಡಿಕೊಂಡೆ. ನಗಬೇಡಿ. ಅಷ್ಟು ದೂರ ನಡೆದ ಕಾಲಿಗೆ ಏನಾದರೂ ಆಗಿರಬೇಕಲ್ಲ. ಏನೂ ಆಗಿರಲಿಲ್ಲ. ಒಂದು ವಾರದ ಮೇಲೆ ವಕೀಲರನ್ನು ಕಂಡು ಕೇಳಿದೆ. ಬಂಡಿಗಳು ತಿರುಗಿ ಹೋದದ್ದನ್ನು ತಾವೂ ನೋಡಿದ್ದಾಗಿ, ನಾನು ಮೋಟಾರು ಹೊಡೆದು ತಮ್ಮನ್ನು ಪೇಟೆ ಮುಟ್ಟಿಸಿದ್ದಾಗಿ ಹೇಳಿದರು. ಗಂಗವ್ವ ಹೇಳಿದ್ದನ್ನು ತಿಳಿಸಿದಾಗ ಮುಂದಿದ್ದ ಕಾಗದಗಳನ್ನು ಕಟ್ಟಿಟ್ಟರು. ಆಮೇಲೆ, ಇಬ್ಬರು ಸಾಕ್ಷಿಗಳೂ ಖರೇ ಹೇಳುವ ಮೊಕದ್ದಮೆ ತಾವು ನಡೆಸಿಲ್ಲ, ಇನ್ನು ಈ ಮಾತು ತಮ್ಮ ಮುಂದೆ ತೆಗೆಯಬೇಡ ಎಂದರು.

ಕೇಳಿದವರು ತಮತಮಗೆ ತೋಚಿದ್ದು ಹೇಳಿದರು. ಬೇರೆ ಯಾರೋ ಪುಣ್ಯಾತ್ಮ ನಡೆಸಿಕೊಂಡು ಬಂದಿರಬೇಕು ಎಂದವರುಂಟು. ಸರಿ, ಅವನು ನನ್ನ ಮುಖ, ನನ್ನ ಕೋಟು, ನನ್ನ ಬೈಗುಳ ಎಲ್ಲಿಂದ ತಂದ? ಮುದುಕಿಗೆ ಭ್ರಮೆಯಾಗಿರಬೇಕು ಎಂದರು. ಆಗಿರಲಿ. ಎತ್ತುಗಳಿಗೂ ಆಗಿತ್ತೇ? ಮಧ್ಯಾಹ್ನ ಬರಬೇಕಾದವು ಬಿಸಿಲೇರುವ ಮೊದಲೇ ಬಜಾರಿನಲ್ಲಿ ನಿಂತಿದ್ದವಲ್ಲ.

ಮಗುವಿಗೆ ಮೂರು ವರ್ಷ ತುಂಬುವಾಗ ಶರಣಪ್ಪ ಬ್ರಹ್ಮಪುರದ ನನ್ನ ಮನೆ ಹುಡುಕಿಕೊಂಡು ಬಂದ. ಮೊಮ್ಮಗನ ಜವಳ ತೆಗೆಯುವುದಿತ್ತು. ಮೊದಲ ಕೂದಲಿಗೆ ಸೋದರಮಾವನೇ ಕತ್ತರಿ ಹಚ್ಚಬೇಕು. ನೀಲವ್ವನಿಗೆ ಅಣ್ಣತಮ್ಮಂದಿರಿಲ್ಲ. ನೀವೇ ಬಂದು ಕೂಡಬೇಕು ಎಂದ. ನಾನು ಒಲ್ಲೆನೆಂದೆ. ಅವನು ಮತ್ತೊಮ್ಮೆ ಬಂದ. ಅವತ್ತಿನಿಂದ ಆ ಜನ ನನ್ನನ್ನು ದೇವರ ಹಾಗೆ ನೆನೆಯುತ್ತಿದ್ದಾರೆಂದು ಕೇಳಿದ್ದೆ, ಅದು ನನ್ನ ಗಂಟಲಲ್ಲಿ ಮುಳ್ಳಾಗಿತ್ತು. ಈ ಸಲ ಹೋಗಿ ಎಲ್ಲರ ಎದುರಿಗೆ ಖರೇ ಹೇಳಿಬಿಡಬೇಕು, ಆಮೇಲೆ ಅವರು ಹೊಡೆದಟ್ಟಿದರೂ ಸರಿ ಎಂದು ಹೊರಟೆ.

ಕಮಲಾಪುರದ ಅವರ ಮನೆಯ ಪಡಸಾಲೆಯಲ್ಲಿ ಮಣೆ ಹಾಕಿದ್ದರು. ನಾನು ಕೂಡಲಿಲ್ಲ. ನಿಂತೇ ಹೇಳಿದೆ. ನಿಮ್ಮ ಬಂಡಿಗಳನ್ನು ಕಲಬುರಗಿಗೆ ನಡೆಸಿದವನು ನಾನಲ್ಲ, ಸಿಟ್ಟಿಗೆದ್ದು ಹಿಂದಕ್ಕೆ ತಿರುಗಿಸಿದವನು ನಾನು, ಒಳಗೆ ಯಾರಿದ್ದಾರೆಂದು ಬಗ್ಗಿ ಕೂಡ ನೋಡಲಿಲ್ಲ ಎಂದೆ. ಶರಣಪ್ಪ ನೆಲ ನೋಡಿದ. ಗಂಗವ್ವ, ಏನು ಹೇಳ್ತಾನಿವ ಎಂಬಂತೆ ಮಗಳ ಮುಖ ನೋಡಿದಳು. ನೀಲವ್ವ ಮಗುವನ್ನು ಸೊಂಟದ ಮೇಲಿಂದ ಇಳಿಸಿದಳು. ಅದುವರೆಗೆ ಅವಳು ನನ್ನೊಡನೆ ಒಂದು ಮಾತೂ ಆಡಿದ್ದಿಲ್ಲ.

“ತಿರುಗಿಸಿದ್ದು ನನಗ ಗೊತ್ತದಣ್ಣಾ. ಚಾಪಿ ಸಂದ್ಯಾಗ ಬಿಸಲು ಎಡಕ ಬೀಳಾಕತ್ತಿತ್ತು, ಒಮ್ಮಿಗೇ ಬಲಕ ಬಂತು. ಇನ್ನ ನಾ ಸತ್ತೆ ಅಂದ್ಕೊಂಡೆ. ಅವ್ವಗ ಹೇಳಾಕ ಬಾಯಿ ಬರಲಿಲ್ಲ. ಆಮ್ಯಾಲ ನೀವು ತಿರುಗಿ ಬಂದ್ರಿ, ಬಿಸಲು ಮತ್ತ ಎಡಕ ಬಂತು.” ನನ್ನ ಮುಖ ನೋಡಿ ಕೇಳಿದಳು, “ತಿರುಗಿ ಬರಲಿಲ್ಲೇನ್ರಿ ನೀವು?”

“ಬಂದೆ” ಎಂದೆ.

ಅದು ಸುಳ್ಳಲ್ಲ. ಆದರೆ ನಾನು ಬಂದದ್ದು ಮೋಟಾರಿನಲ್ಲಿ, ಬಹಳ ತಡವಾಗಿ. ಬಂದಾಗ ಆ ಸಡಕಿನ ಮೇಲೆ ಅವಳ ಬಂಡಿ ಇರಲಿಲ್ಲ. ಅದನ್ನೂ ಹೇಳಬೇಕೆಂದು ಬಾಯಿ ತೆರೆದೆ. ಅಷ್ಟರಲ್ಲಿ ಅವಳು ಮಗುವನ್ನು ನನ್ನ ತೋಳಿಗೆ ಕೊಟ್ಟುಬಿಟ್ಟಳು. ಮಣೆಯ ಮೇಲೆ ಕೂತೆ. ಗಂಗವ್ವ ಕತ್ತರಿ ಕೈಗಿಟ್ಟಳು. ಮಗು ಅಲುಗಾಡದೆ ನನ್ನನ್ನೇ ನೋಡುತ್ತಿತ್ತು, ನನಗೇ ಕಣ್ಣು ಮಂಜಾಗಿ ಕೂದಲು ಸರಿಯಾಗಿ ಕಾಣಲಿಲ್ಲ. ಆ ನಸುಕಿನಲ್ಲಿ ಹಗ್ಗ ಹಿಡಿದು ನಡೆದವನು ಯಾರೆಂದು ಇವತ್ತಿಗೂ ನನಗೆ ತಿಳಿದಿಲ್ಲ. ಆ ಮಣೆ ಅವನದು, ಆ ಕತ್ತರಿಯೂ ಅವನದು. ಅವನು ಬರಲಿಲ್ಲವೆಂದು ನಾನೇ ಕೂದಲು ಕತ್ತರಿಸಿದೆ.